ಎರಡು ಸಲ ಸುಟ್ಟ ಟ್ವೀಟರ್: ಆಂಪ್–ಸ್ಪೀಕರ್ ಹೊಂದಾಣಿಕೆಯ ದೋಷ ಹುಡುಕುವುದು ಹೇಗೆ

ಶಿವಮೊಗ್ಗದಲ್ಲಿರುವ ನಮ್ಮ ಭಾವನ ಮನೆಯಲ್ಲಿ ಸ್ಪೀಕರ್‌ನ ಟ್ವೀಟರ್ (ಚೂಪು ಸದ್ದು ನುಡಿಸುವ ಚಿಕ್ಕ ಭಾಗ) ಎರಡು ಸಲ ಸುಟ್ಟಿತು. ಮೊದಲನೇ ಸಲ ಮನೆ ಒಕ್ಕಲಿನ ರಾತ್ರಿ. ಎರಡನೇ ಸಲ ಮಗಳ ಹುಟ್ಟುಹಬ್ಬದ ಸಂಜೆ. ನಡುವಿನ ಏಳು ತಿಂಗಳು ದಿನಾ ಬೆಳಿಗ್ಗೆ ಸಂಜೆ ಹಾಡು ಕೇಳಿದರೂ ಏನೂ ಆಗಿರಲಿಲ್ಲ. ಮೊದಲ ಸಲ ಅಂಗಡಿಯಲ್ಲಿ ಹೊಸ ಟ್ವೀಟರ್ ಹಾಕಿ ಕೊಟ್ಟರು. ಯಾಕೆ ಸುಟ್ಟಿತು ಅಂತ ಯಾರೂ ಹುಡುಕಲಿಲ್ಲ. ಹಾಗಾಗಿ ಕಾರಣ ಅಲ್ಲೇ ಉಳಿಯಿತು.

ಎರಡನೇ ಸಲ ಭಾವ ಫೋನ್ ಮಾಡಿದಾಗ ಕೇಳಿದ್ದು ಇಷ್ಟೇ: "ಸ್ಪೀಕರ್ ಮೇಲೆ 100 ವ್ಯಾಟ್ ಅಂತ ಇದೆ. ಆಂಪ್ ಬೋರ್ಡೂ 100 ವ್ಯಾಟ್. ಸಮ ಸಮ ಅಲ್ವಾ? ಮತ್ತೆ ಯಾಕೆ ಸುಡುತ್ತೆ ಮಾರಾಯಾ?"

ತುಂಬಾ ಜನ ಕೇಳುವ ಪ್ರಶ್ನೆ ಇದು. (ಆಂಪ್ ಅಂದರೆ ಸ್ಪೀಕರ್‌ಗೆ ಪವರ್ ಕೊಡುವ ಆಂಪ್ಲಿಫೈಯರ್.) ಉತ್ತರ ಹುಡುಕಿದ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ಸ್ಪೀಕರ್ ಕೆಟ್ಟಿದ್ದರೆ ಇದೇ ಕ್ರಮದಲ್ಲಿ ಹೋಗಿ. ಒಂದು ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್, ಒಂದು ಪೆನ್ ಟಾರ್ಚ್ ಸೆಲ್, ಟೋನ್ ಹಾಕಲು ಒಂದು ಫೋನ್. ಇಷ್ಟಿದ್ದರೆ ಸಾಕು. ಒಂದು ಕಡೆ ಮಾತ್ರ ಬೆಸುಗೆ ಬಿಡಿಸುವ ಸಾಧನವೂ ಬೇಕಾಗುತ್ತದೆ.

ಸಾಮಾನಿನ ವಿವರ ಮೊದಲು. ಸ್ಪೀಕರ್‌ಗಳು ಶೆಲ್ಫ್ ಮೇಲೆ ಇಡುವ ಚಿಕ್ಕ ಜೋಡಿ. 8 ಓಮ್, ಸೆನ್ಸಿಟಿವಿಟಿ (ಕೊಟ್ಟ ಪವರ್‌ಗೆ ಎಷ್ಟು ಜೋರು ಅನ್ನುವ ಅಂಕಿ) 87 ಡೆಸಿಬೆಲ್, ಹಿಂದಿನ ಚೀಟಿಯಲ್ಲಿ 100 ವ್ಯಾಟ್. ಆಂಪ್ ಅಂದರೆ ಟಿಪಿಎ3116 ಚಿಪ್ ಇರುವ ಸಣ್ಣ ಕ್ಲಾಸ್ ಡಿ ಬೋರ್ಡ್. ಅದಕ್ಕೆ ಹಳೆಯ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್. ಹಾಡು ಬರುವುದು ಫೋನಿನಿಂದ. ಬೋರ್ಡಿನಲ್ಲಿ ಬಾಸ್, ಟ್ರೆಬಲ್, ವಾಲ್ಯೂಮ್ ಅಂತ ಮೂರು ನಾಬ್.

ಅದಲು ಬದಲು ಮಾಡಿ ನೋಡಿ

ಹೋದ ತಕ್ಷಣ ಸ್ಪೀಕರ್ ಬಿಚ್ಚಬೇಡಿ. ಆಂಪ್ ಆಫ್ ಮಾಡಿ, ಅದರ ಹಿಂದೆ ಎಡ ಬಲದ ವೈರ್‌ಗಳನ್ನು ಅದಲು ಬದಲು ಮಾಡಿ. ಮತ್ತೆ ಸಣ್ಣ ಸದ್ದಿನಲ್ಲಿ ಹಾಡು ಹಾಕಿ. ಮಂಕಾದ ಸದ್ದು ಮೊದಲು ಬರುತ್ತಿದ್ದ ಸ್ಪೀಕರ್‌ನಿಂದಲೇ ಬಂದರೆ ದೋಷ ಸ್ಪೀಕರ್‌ನಲ್ಲಿದೆ, ಇಲ್ಲವೇ ಅದರ ವೈರ್‌ನಲ್ಲಿದೆ. ಮಂಕುತನ ಇನ್ನೊಂದು ಸ್ಪೀಕರ್‌ಗೆ ಹೋದರೆ ದೋಷ ಆಂಪ್‌ನದ್ದು, ಅಥವಾ ಅದಕ್ಕೆ ಹಾಡು ಕೊಡುವ ಕೇಬಲ್‌ನದ್ದು.

ಒಂದು ಎಚ್ಚರಿಕೆ. ಆಂಪ್ ಆನ್ ಮಾಡಿದ ಕೂಡಲೇ ವೂಫರ್ (ಬಾಸ್ ನುಡಿಸುವ ದೊಡ್ಡ ಭಾಗ) ಕೋನ್ ಮುಂದಕ್ಕೋ ಹಿಂದಕ್ಕೋ ಜಗ್ಗಿ ಅಲ್ಲೇ ನಿಂತರೆ, ಅಥವಾ ಜೋರಾಗಿ ಗುಂಯ್ ಅಂದರೆ, ಈ ಪರೀಕ್ಷೆ ಮಾಡಲೇಬೇಡಿ. ಕೆಟ್ಟ ಆಂಪ್ ಚೆನ್ನಾಗಿರುವ ಸ್ಪೀಕರನ್ನೂ ತಿನ್ನುತ್ತದೆ. ಕೆಳಗೆ ಬರುವ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಪರೀಕ್ಷೆ ಮೊದಲು ಮಾಡಿ.

ಭಾವನ ಮನೆಯಲ್ಲಿ ಎಡಗಡೆಯ ಟ್ವೀಟರ್ ಪೂರ್ತಿ ಸತ್ತಿತ್ತು. ಬಲಗಡೆಯದು ಹಾಡುತ್ತಿತ್ತು, ಆದರೆ ಸ, ಶ ಅಕ್ಷರ ಬಂದಾಗಲೆಲ್ಲ ಕೆರೆದ ಹಾಗೆ ಸದ್ದು. ಅಂದರೆ ಎರಡಕ್ಕೂ ಪೆಟ್ಟು ಬಿದ್ದಿದೆ. ಇದು ದೊಡ್ಡ ಸುಳಿವು. ಯಾವಾಗಲೂ ಒಂದೇ ಬದಿಯದು ಹೋಗುತ್ತಿದ್ದರೆ ಆಂಪ್‌ನ ಆ ಚಾನೆಲ್ ಮೇಲೆ ಅನುಮಾನ ಪಡಬೇಕು. ಎರಡೂ ಒಟ್ಟಿಗೆ ಹೋದರೆ ನುಡಿಸಿದ ರೀತಿಯ ಮೇಲೆ.

ಸ್ಪೀಕರ್ ಬಿಚ್ಚಿದಾಗ ಏನು ನೋಡಬೇಕು

ಹಿಂದಿನ ಟರ್ಮಿನಲ್‌ಗೆ ಮೀಟರ್ ಇಟ್ಟು 6 ಓಮ್ ಬಂತು, ಸ್ಪೀಕರ್ ಸರಿ ಇದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲಿ ಕಾಣುವುದು ವೂಫರ್ ಮಾತ್ರ. ಟ್ವೀಟರ್‌ಗೆ ಹೋಗುವ ದಾರಿಯಲ್ಲಿ ಕ್ರಾಸೋವರ್‌ನ ಕೆಪಾಸಿಟರ್ ಕೂತಿದೆ (ಕ್ರಾಸೋವರ್ ಅಂದರೆ ಬಾಸನ್ನು ವೂಫರ್‌ಗೆ, ಟ್ರೆಬಲನ್ನು ಟ್ವೀಟರ್‌ಗೆ ಹಂಚುವ ಸರ್ಕ್ಯೂಟ್). ಅದು ಡಿಸಿಯನ್ನು ತಡೆಯುತ್ತದೆ, ಮೀಟರ್ ಓಮ್ ಅಳೆಯುವುದೂ ಡಿಸಿಯಿಂದಲೇ. ಹಾಗಾಗಿ ಟ್ವೀಟರ್ ಬಿಚ್ಚಿ, ಒಂದು ವೈರ್ ತೆಗೆದು, ಅದರ ಕಾಲಿಗೇ ಮೀಟರ್ ಇಡಬೇಕು. ಪ್ಲಸ್ ಮೈನಸ್ ಯಾವುದು ಅಂತ ಬಿಚ್ಚುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ.

ಬಿಚ್ಚುವಾಗ ಡೋಮ್ (ಟ್ವೀಟರ್ ಮುಂದಿನ ಗುಮ್ಮಟದಂಥ ಪೊರೆ) ಮೇಲೆ ದಪ್ಪ ರಟ್ಟು ಅಡ್ಡ ಇಟ್ಟುಕೊಳ್ಳಿ. ಒಳಗಿನ ಮ್ಯಾಗ್ನೆಟ್ ಸ್ಕ್ರೂಡ್ರೈವರ್ ತುದಿಯನ್ನು ಪಟ್ ಅಂತ ಎಳೆಯುತ್ತದೆ. ಡೋಮ್ ತೂತಾಗಲು ಅರೆ ಕ್ಷಣ ಸಾಕು.

8 ಓಮ್‌ನ ಡ್ರೈವರ್ (ವೂಫರ್, ಟ್ವೀಟರ್ ಎರಡಕ್ಕೂ ಇದೇ ಹೆಸರು) ಮೀಟರ್‌ನಲ್ಲಿ ಸುಮಾರು 5.5ರಿಂದ 7 ಓಮ್ ತೋರಿಸುತ್ತದೆ. 4 ಓಮ್‌ನದ್ದು 3ರಿಂದ 3.6ರ ಆಸುಪಾಸು. ಮೀಟರ್ ಏನೂ ತೋರಿಸದಿದ್ದರೆ (ಸೊನ್ನೆ ಅಲ್ಲ, OL ಅಥವಾ ಎಡಗಡೆ ಬರೀ 1 ಬಂದರೆ) ಕಾಯಿಲ್, ಅಂದರೆ ಒಳಗಿನ ತಂತಿಯ ಸುರುಳಿ, ತುಂಡಾಗಿದೆ. ತುಂಬಾ ಕಡಿಮೆ ತೋರಿಸಿದರೆ ಸುತ್ತುಗಳ ಮೇಲಿನ ವಾರ್ನಿಷ್ ಕರಗಿ ಒಳಗೇ ಶಾರ್ಟ್ ಆಗಿದೆ. ಇಂಥ ಡ್ರೈವರನ್ನು ಆಂಪ್‌ಗೆ ಜೋಡಿಸಬೇಡಿ, ಆಂಪೂ ಹೋಗುತ್ತದೆ.

ವೂಫರ್‌ಗೆ 1.5 ವೋಲ್ಟ್ ಸೆಲ್ ಒಂದು ಕ್ಷಣ ತಾಗಿಸಿ. ಪ್ಲಸ್‌ಗೆ ಪ್ಲಸ್ ತಾಗಿಸಿದರೆ ಕೋನ್ ಸಾಮಾನ್ಯವಾಗಿ ಮುಂದಕ್ಕೆ ಬರುತ್ತದೆ, ಟಪ್ ಅಂತ ಸದ್ದಾಗುತ್ತದೆ. ಆಮೇಲೆ ಕೋನ್‌ನ ಎರಡೂ ಬದಿಗೆ ಬೆರಳಿಟ್ಟು ಸಮವಾಗಿ, ಮೆಲ್ಲಗೆ ಒಳಗೆ ಒತ್ತಿ ಬಿಡಿ. ಮೆತ್ತಗೆ ಹೋಗಿ ಬಂದರೆ ಒಳ್ಳೆಯದು. ಕರಕರ ಅಂದರೆ ಕಾಯಿಲ್ ಎಲ್ಲೋ ಉಜ್ಜುತ್ತಿದೆ. ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರು ಕೋನ್ ಅಂಚಿನ ಫೋಮ್ ರಿಂಗನ್ನೂ ನೋಡಿ. ತೇವದ ಗಾಳಿಗೆ ಹಳೆಯ ಫೋಮ್ ಪುಡಿಯಾಗುತ್ತದೆ. ಅದಕ್ಕೂ ಆಂಪ್ ಪವರ್‌ಗೂ ಸಂಬಂಧವೇ ಇಲ್ಲ.

ಸತ್ತದ್ದು ಯಾವುದು, ಹೇಗೆ ಸತ್ತಿತು

ಹಳೆಯ ಟ್ವೀಟರನ್ನು ಸುಮ್ನೆ ಬಿಸಾಕಬೇಡಿ. ಕಾರಣ ಅದರಲ್ಲೇ ಬರೆದಿರುತ್ತದೆ.

ಡೋಮ್ ಬಿಚ್ಚಿ ಕಾಯಿಲ್ ನೋಡಿ. ಕಪ್ಪಾಗಿದ್ದರೆ, ವಾರ್ನಿಷ್ ಉಬ್ಬಿದ್ದರೆ, ತಂತಿ ಸಡಿಲವಾಗಿ ಬಿಚ್ಚಿಕೊಂಡಿದ್ದರೆ ಅದು ಬಿಸಿಯಿಂದ ಸತ್ತಿದೆ. ಕಾಯಿಲ್ ತಾಮ್ರದ ಬಣ್ಣದಲ್ಲೇ ಇದ್ದು, ಕಾಲಿಗೆ ಹೋಗುವ ಎಳೆ ತುಂಡಾಗಿದ್ದರೆ ಅಥವಾ ಕಾಯಿಲ್ ಸುತ್ತಿದ ಕೊಳವೆ ಸೊಟ್ಟಗಾಗಿದ್ದರೆ ಅದು ಕುಣಿದು ಕುಣಿದು ಮುರಿದಿದೆ.

ಇನ್ನೊಂದು ಸುಳಿವು ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದೆ. ಆಂಪ್ ಕೆಟ್ಟು ಡಿಸಿ ಬಂದರೆ ಸಾಯುವುದು ವೂಫರ್. ಯಾಕೆಂದರೆ ಟ್ವೀಟರ್ ಮುಂದೆ ಕೆಪಾಸಿಟರ್ ಕಾವಲಿದೆ. ವೂಫರ್ ಚೆನ್ನಾಗಿದ್ದು ಟ್ವೀಟರ್ ಮಾತ್ರ ಕರಕಲಾಗಿದ್ದರೆ, ಮೊದಲ ಅನುಮಾನ ಕ್ಲಿಪ್ಪಿಂಗ್ ಮೇಲೆ. ಅದು ಏನು ಅಂತ ಮುಂದೆ ಹೇಳುತ್ತೇನೆ.

ಎರಡನೇ ಅನುಮಾನ ಆ ಕೆಪಾಸಿಟರ್ ಮೇಲೆ. ಅದು ಶಾರ್ಟ್ ಆಗಿದ್ದರೆ ಬಾಸ್ ಎಲ್ಲ ಟ್ವೀಟರ್‌ಗೆ ನುಗ್ಗುತ್ತದೆ. ಅದರ ಒಂದು ಕಾಲನ್ನು ಬೆಸುಗೆಯಿಂದ ಬಿಡಿಸಿ ಓಮ್ ನೋಡಿ. ಮೀಟರ್ ಏರುತ್ತಾ ಹೋಗಿ ಕೊನೆಗೆ ಏನೂ ತೋರಿಸಬಾರದು.

ಭಾವನ ಟ್ವೀಟರ್‌ನ ಕಾಯಿಲ್ ಕಾವಲಿಯಲ್ಲಿ ಸೀದ ದೋಸೆಯ ಅಂಚಿನ ಹಾಗೆ ಕಪ್ಪಾಗಿತ್ತು. ವೂಫರ್ ಸರಿಯಾಗಿತ್ತು. ಕೆಪಾಸಿಟರ್ ಕೂಡ ಸರಿಯಾಗಿತ್ತು.

ಆಂಪ್‌ನಿಂದ ಡಿಸಿ ಬರುತ್ತಿದೆಯಾ?

ಆದರೂ ಇದನ್ನು ಬಿಡಬಾರದು. ಸ್ಪೀಕರ್ ವೈರ್‌ಗಳನ್ನು ತೆಗೆಯಿರಿ. ಆಂಪ್ ಆನ್ ಮಾಡಿ, ಹಾಡು ಬೇಡ, ವಾಲ್ಯೂಮ್ ಸೊನ್ನೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಒಂದು ಚಾನೆಲ್‌ನ ಪ್ಲಸ್ ಮೈನಸ್ ಮಧ್ಯೆ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ನೆಮ್ಮದಿ. 100 ದಾಟಿದರೆ ರಿಪೇರಿಯವರಿಗೆ ತೋರಿಸಿ. ಒಂದೆರಡು ವೋಲ್ಟ್ ಬಂದರೆ ಆ ಆಂಪ್‌ಗೆ ಸ್ಪೀಕರ್ ಜೋಡಿಸಲೇಬೇಡಿ. ಟ್ಯೂಬ್ ಆಂಪ್ ಇದ್ದವರು ಮಾತ್ರ ಸ್ಪೀಕರ್ ತೆಗೆದು ಹೀಗೆಲ್ಲ ಆನ್ ಮಾಡಬಾರದು. ಲೋಡ್ ಇಲ್ಲದೆ ನುಡಿಸಿದರೆ ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಬಹುದು.

ಟಿಪಿಎ3116 ತರಹದ ಬೋರ್ಡ್‌ಗಳಲ್ಲಿ ಒಂದು ವಿಷಯ ನೆನಪಿರಲಿ. ಅಲ್ಲಿ ಸ್ಪೀಕರ್ ಮೈನಸ್ ಅಂದರೆ ಗ್ರೌಂಡ್ ಅಲ್ಲ. ಪ್ಲಸ್ ಮೈನಸ್ ಎರಡರಲ್ಲೂ ಅಡಾಪ್ಟರಿನ ಅರ್ಧ ವೋಲ್ಟೇಜ್ ಕೂತಿರುತ್ತದೆ. ಗ್ರೌಂಡ್‌ಗೆ ಹಿಡಿದು ಅಳೆದು 9 ವೋಲ್ಟ್ ಬಂತು ಅಂತ ಗಾಬರಿಯಾಗಬೇಡಿ. ಎಡ ಬಲದ ಎರಡೂ ಮೈನಸ್ ಸೇರಿಸಿ ಒಂದೇ ವೈರ್ ಎಳೆಯುವುದಂತೂ ಇಲ್ಲಿ ನಡೆಯುವುದಿಲ್ಲ. ಚಿಪ್ ಹೋಗುತ್ತದೆ.

ಭಾವನ ಬೋರ್ಡ್ ಎರಡೂ ಚಾನೆಲ್‌ನಲ್ಲಿ 20 ಮಿಲಿವೋಲ್ಟ್ ಒಳಗೇ ಇತ್ತು. ಆಂಪ್ ಕೆಟ್ಟಿಲ್ಲ.

ಆ 100 ವ್ಯಾಟ್ ಎಲ್ಲಿದೆ?

ಈಗ ವಿಷಯಕ್ಕೆ ಬಂದೆವು. ಬೋರ್ಡಿನ 100 ವ್ಯಾಟ್ ಅಂದರೆ 50 ಮತ್ತು 50. ಆ 50 ಸಿಗುವುದು 21 ವೋಲ್ಟ್ ಕೊಟ್ಟು, 4 ಓಮ್ ಸ್ಪೀಕರ್ ಹಾಕಿದಾಗ. ನಮ್ಮಲ್ಲಿ ಇರುವುದು 19 ವೋಲ್ಟ್, 8 ಓಮ್.

ಲೆಕ್ಕ ಸುಲಭ. ಈ ತರಹದ ಬೋರ್ಡ್ ಸ್ಪೀಕರ್‌ಗೆ ಕೊಡಬಲ್ಲ ಅತಿ ಎತ್ತರದ ಅಲೆ ಅಡಾಪ್ಟರಿನ ವೋಲ್ಟೇಜ್‌ನಷ್ಟು. ಆ ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಸ್ಪೀಕರ್ ಓಮ್‌ನ ಎರಡರಷ್ಟರಿಂದ ಭಾಗಿಸಿ. 19 ಗುಣಿಸು 19 ಅಂದರೆ 361. ಭಾಗಿಸು 16. ಬಂತು 22 ವ್ಯಾಟ್ ಚಿಲ್ಲರೆ. ಚಿಪ್ ಒಳಗಿನ ನಷ್ಟ ಕಳೆದರೆ ಸುಮಾರು 20.

ಅಂದರೆ ಭಾವನ 100 ವ್ಯಾಟ್ ಆಂಪ್ ಪ್ರತಿ ಸ್ಪೀಕರ್‌ಗೆ ಕೊಡುತ್ತಿದ್ದದ್ದು 20 ವ್ಯಾಟ್. 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಹಾಕಿದವರ ಪಾಡು ಇನ್ನೂ ಕಡಿಮೆ, 9 ವ್ಯಾಟ್. ಅಡಾಪ್ಟರ್ ಒಟ್ಟು ಕೊಡುವುದೇ 24 ವ್ಯಾಟ್ ಆದಾಗ ಅದರಿಂದ 100 ಎಲ್ಲಿಂದ ಬರಬೇಕು?

ಭಾವ ಕೂಡಲೇ ಕೇಳಿದರು: "ಹಾಗಾದ್ರೆ ಪವರ್ ಕಡಿಮೆ ಆಯ್ತಲ್ಲ? ಕಡಿಮೆ ಆದ್ರೆ ಸುಡಬಾರದಲ್ವಾ?"

ಕಡಿಮೆ ಪವರ್ ಟ್ವೀಟರ್ ಸುಡುವ ಬಗೆ

ಸಣ್ಣ ಆಂಪ್‌ನಲ್ಲಿ ಸಣ್ಣ ಸದ್ದು ಕೇಳಿದರೆ ಯಾವ ಸ್ಪೀಕರೂ ಸುಡುವುದಿಲ್ಲ. ಏಳು ತಿಂಗಳು ಏನೂ ಆಗದಿದ್ದುದು ಅದಕ್ಕೇ. ತೊಂದರೆ ಶುರುವಾಗುವುದು ಆಂಪ್‌ನ ಮಿತಿ ಮುಗಿದ ಮೇಲೂ ನಾಬ್ ತಿರುಗಿಸಿದಾಗ.

ಹಾಡಿನ ಅಲೆಯನ್ನು ಬೆಟ್ಟಸಾಲಿನ ಹಾಗೆ ಕಲ್ಪಿಸಿಕೊಳ್ಳಿ. ದೊಡ್ಡ ಬೆಟ್ಟಗಳು ಬಾಸ್. ಅವುಗಳ ಮೈಮೇಲಿನ ಗಿಡಗಂಟಿ ಟ್ರೆಬಲ್. ಆಂಪ್‌ನ ವೋಲ್ಟೇಜ್ ಅಂದರೆ ಮೇಲೆ ಹಾಕಿದ ಚಾವಣಿ. ವಾಲ್ಯೂಮ್ ಏರಿಸಿದಂತೆ ಬೆಟ್ಟಗಳು ಬೆಳೆದು ಚಾವಣಿಗೆ ತಾಗುತ್ತವೆ. ಅಲ್ಲಿಂದ ಮೇಲೆ ಅವುಗಳ ನೆತ್ತಿ ಕತ್ತರಿಸಿಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಇನ್ನೂ ತಿರುಗಿಸಿದರೆ ಬಾಸ್ ಬೆಳೆಯುವುದಿಲ್ಲ, ಅದಕ್ಕೆ ಜಾಗವೇ ಇಲ್ಲ. ಆದರೆ ಟ್ರೆಬಲ್ ಚಿಕ್ಕದಲ್ವಾ, ಅದಕ್ಕೆ ಇನ್ನೂ ಜಾಗ ಇದೆ. ಅದು ಬೆಳೆಯುತ್ತಲೇ ಹೋಗುತ್ತದೆ. ಹಾಡಿನಲ್ಲಿ ಟ್ವೀಟರ್‌ಗೆ ಬರಬೇಕಾದ ಸಣ್ಣ ಪಾಲು ಹೀಗೆ ದೊಡ್ಡ ಪಾಲಾಗುತ್ತದೆ. ಅದರ ಜೊತೆಗೆ ಕತ್ತರಿಸಿದ ಅಲೆಯ ಚೂಪು ಅಂಚುಗಳೇ ಹೊಸ ಟ್ರೆಬಲ್ ಹುಟ್ಟಿಸುತ್ತವೆ. ಅದೂ ಟ್ವೀಟರ್‌ಗೇ ಹೋಗುತ್ತದೆ.

ಪೂರ್ತಿ ಕತ್ತರಿಸಿ ಚೌಕವಾದ ಅಲೆಯಲ್ಲಿ ಅದೇ ಎತ್ತರದ ಒಳ್ಳೆಯ ಅಲೆಯ ಎರಡರಷ್ಟು ಪವರ್ ಇರುತ್ತದೆ. 20 ವ್ಯಾಟ್ ಆಂಪ್ 40 ವ್ಯಾಟ್‌ವರೆಗೆ ತಳ್ಳಬಲ್ಲದು. ಸ್ಪೀಕರ್ ಮೇಲಿನ 100 ವ್ಯಾಟ್ ಅನ್ನುವುದು ಇಡೀ ಪೆಟ್ಟಿಗೆಗೆ, ಸಾಮಾನ್ಯ ಹಾಡಿನ ಹಂಚಿಕೆಯಲ್ಲಿ. ಅದರಲ್ಲಿ ಬಹುಪಾಲು ಹೊರುವುದು ವೂಫರ್. 25 ಮಿಲಿಮೀಟರ್ ಡೋಮ್ ಟ್ವೀಟರ್‌ನ ಕೂದಲೆಳೆಯ ಕಾಯಿಲ್ ತುಂಬಾ ಹೊತ್ತು ತಡೆಯುವುದು ಕೆಲವೇ ವ್ಯಾಟ್.

ಆ ವ್ಯಾಟ್‌ಗಳು ಎಲ್ಲಿ ಹೋಗುತ್ತವೆ ಗೊತ್ತಾ? 87 ಡೆಸಿಬೆಲ್‌ನ ಸ್ಪೀಕರ್ ತನಗೆ ಬಂದ ಪವರ್‌ನಲ್ಲಿ ಸದ್ದಾಗಿ ಬದಲಿಸುವುದು ಸುಮಾರು 0.3%. ಉಳಿದದ್ದೆಲ್ಲ ಕಾಯಿಲ್‌ನ ಬಿಸಿ. ಹಾಡಿನ ನಡುವಿನ ಬಿಡುವಿನಲ್ಲಿ ಕಾಯಿಲ್ ತಣ್ಣಗಾಗಬೇಕು. ಕ್ಲಿಪ್ಪಿಂಗ್ ಆ ಬಿಡುವನ್ನೂ ತೆಗೆದುಬಿಡುತ್ತದೆ.

ಭಾವನ ಮನೆಯ ಎರಡೂ ಸಮಾರಂಭದಲ್ಲಿ ಇದೇ ಆಗಿದ್ದು. ಜನ ಜಾಸ್ತಿ, ಮಾತು ಜಾಸ್ತಿ. ಹಾಡು ಕೇಳಿಸಲಿಲ್ಲ ಅಂತ ವಾಲ್ಯೂಮ್ ಏರಿಸಿದರು. ಬಾಸ್ ಸಾಲದು ಅಂತ ಆ ನಾಬ್ ಪೂರ್ತಿ. ಟ್ರೆಬಲ್ ಕೂಡ ಪೂರ್ತಿ. ಬಾಸ್ 10 ಡೆಸಿಬೆಲ್ ಏರಿಸಿದರೆ ಆ ಭಾಗಕ್ಕೆ ಹತ್ತು ಪಟ್ಟು ಪವರ್ ಬೇಕು. ವಾಲ್ಯೂಮ್ ಅರ್ಧಕ್ಕೆ ಬರುವ ಮೊದಲೇ ಆಂಪ್ ಕೈ ಚೆಲ್ಲಿರುತ್ತದೆ. ಮೂರು ನಾಲ್ಕು ಗಂಟೆ ಹೀಗೇ ನಡೆಯಿತು. ಗದ್ದಲದಲ್ಲಿ ಸದ್ದು ಒಡೆದದ್ದು ಯಾರ ಕಿವಿಗೂ ಬೀಳಲಿಲ್ಲ.

ಟೋನ್ ಹಾಕಿ ವೋಲ್ಟ್ ಅಳೆಯಿರಿ

ಊಹೆಯ ಮೇಲೆ ಹೊಸ ಆಂಪ್ ಕೊಳ್ಳಬೇಡಿ. ಇದನ್ನು ಅಳೆಯಬಹುದು. ಹೆಚ್ಚಿನವರು ಮಾಡದ ಪರೀಕ್ಷೆ ಇದು, ಮಾಡಬೇಕಾದದ್ದೂ ಇದೇ.

ಮೊದಲು ನೀವು ನಿಜವಾಗಿ ಎಷ್ಟು ಜೋರಾಗಿ ಕೇಳುತ್ತೀರೋ ಅಷ್ಟಕ್ಕೆ ನಾಬ್ ಇಟ್ಟು, ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ. ಫೋನ್ ವಾಲ್ಯೂಮ್ ಪೂರ್ತಿ ಇರಲಿ. ನಂತರ ಆಂಪ್ ಆಫ್ ಮಾಡಿ ಸ್ಪೀಕರ್ ತೆಗೆಯಿರಿ. ಟೋನ್ ಜನರೇಟರ್ ಆಪ್‌ನಲ್ಲಿ 100 ಹರ್ಟ್ಜ್ ಸೈನ್ ಟೋನ್ (ಒಂದೇ ಸಮನೆ ಬರುವ ಗುಂಯ್ ಸದ್ದು), ಮಟ್ಟ ಮೈನಸ್ 12 ಡೆಸಿಬೆಲ್ ಇಟ್ಟು ನುಡಿಸಿ. ಮೀಟರ್ ಎಸಿ ವೋಲ್ಟ್‌ಗೆ ಇಟ್ಟು ಸ್ಪೀಕರ್ ಟರ್ಮಿನಲ್‌ನಲ್ಲಿ ಅಳೆಯಿರಿ. ಬಂದದ್ದನ್ನು 4ರಿಂದ ಗುಣಿಸಿ. ಹಾಡಿನ ಅತಿ ಜೋರಾದ ಕ್ಷಣಕ್ಕೆ ನಿಮ್ಮ ಆಂಪ್ ಅಷ್ಟು ವೋಲ್ಟ್ ಕೊಡಬೇಕು. ಮೈನಸ್ 12 ಡೆಸಿಬೆಲ್ ಅಂದರೆ ಕಾಲು ಭಾಗದ ವೋಲ್ಟೇಜ್, ಅದಕ್ಕೆ ಈ 4.

ಡಿಟಿ830 ತರಹದ ಅಗ್ಗದ ಮೀಟರ್‌ನಲ್ಲಿ ಎಸಿಯ ಅತಿ ಕೆಳಗಿನ ರೇಂಜ್ 200 ವೋಲ್ಟ್. ಎರಡು ಮೂರು ವೋಲ್ಟ್ ಅಳೆಯುವಾಗ ಅದು ಸ್ವಲ್ಪ ತಪ್ಪುತ್ತದೆ. ಸಿಕ್ಕರೆ ಕೆಳಗಿನ ಎಸಿ ರೇಂಜ್ ಇರುವ ಮೀಟರ್ ತನ್ನಿ.

ಭಾವನ ದಿನನಿತ್ಯದ ಗುರುತಿನಲ್ಲಿ ಬಂದದ್ದು 2.4 ವೋಲ್ಟ್. ಗುಣಿಸಿದರೆ 9.6. 19 ವೋಲ್ಟ್ ಅಡಾಪ್ಟರಿನ ಬೋರ್ಡ್ ಶುದ್ಧವಾಗಿ ಕೊಡಬಲ್ಲದ್ದು ಸುಮಾರು 12.5 ವೋಲ್ಟ್. ಚೆನ್ನಾಗಿ ಒಳಗಿದೆ. ಹುಟ್ಟುಹಬ್ಬದ ದಿನ ನಾಬ್ ಎಲ್ಲಿತ್ತು ಅಂತ ಮಗಳನ್ನು ಕೇಳಿ, ಅಲ್ಲಿಗೆ ತಿರುಗಿಸಿ ಅಳೆದೆವು. 9 ವೋಲ್ಟ್. ಗುಣಿಸಿದರೆ 36.

ಇರುವುದು 12.5, ಕೇಳಿದ್ದು 36. 8 ಓಮ್‌ಗೆ 36 ವೋಲ್ಟ್ ಅಂದರೆ 162 ವ್ಯಾಟ್. ಭಾವನಿಗೆ ಮುಂದೆ ಏನೂ ವಿವರಿಸಬೇಕಾಗಲಿಲ್ಲ.

ಇನ್ನೊಂದು ಮಾತು. ನಾಬ್ ಅರ್ಧದಲ್ಲಿದ್ದರೆ ಪವರ್ ಅರ್ಧ ಅಂತ ನಂಬಬೇಡಿ. ನಾಬ್ ನಲ್ಲಿಯ ಹಾಗೆ, ಹಿಂದಿನಿಂದ ನೀರು ಎಷ್ಟು ಒತ್ತಡದಲ್ಲಿ ಬರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಜೋರು ಸಿಗ್ನಲ್ ಕೊಡುವ ಸಾಧನ ಜೋಡಿಸಿದರೆ ಕಾಲು ಭಾಗದಲ್ಲೇ ಆಂಪ್ ಮಿತಿ ಮುಟ್ಟುತ್ತದೆ.

ಎಷ್ಟು ವ್ಯಾಟ್ ಬೇಕು?

ಭಾವನ ಹಾಲ್‌ನಲ್ಲಿ ಕೂರುವ ಜಾಗ ಸ್ಪೀಕರ್‌ನಿಂದ 3 ಮೀಟರ್ ದೂರ. 87 ಡೆಸಿಬೆಲ್ ಅನ್ನುವುದು 1 ವ್ಯಾಟ್ ಕೊಟ್ಟಾಗ 1 ಮೀಟರ್‌ನಲ್ಲಿ ಸಿಗುವ ಸದ್ದು. 3 ಮೀಟರ್‌ಗೆ ಬರುವಷ್ಟರಲ್ಲಿ ಕೋಣೆಯೊಳಗೆ ಸುಮಾರು 7 ಡೆಸಿಬೆಲ್ ಇಳಿಯುತ್ತದೆ. ಎರಡು ಸ್ಪೀಕರ್ ಇರುವುದರಿಂದ 3 ಕೂಡುತ್ತದೆ. ಅಂದರೆ ತಲಾ 1 ವ್ಯಾಟ್‌ಗೆ 83. ಮನೆಗೆ ಅದು ಆಗಲೇ ಜೋರು.

ಸರಾಸರಿ 80 ಡೆಸಿಬೆಲ್ ಕೇಳಲು ಅರ್ಧ ವ್ಯಾಟ್ ಸಾಕು. ಆದರೆ ಡ್ರಮ್ ಹೊಡೆತ, ತಬಲಾದ ಪೆಟ್ಟು ಸರಾಸರಿಗಿಂತ 15 ಡೆಸಿಬೆಲ್ ಮೇಲೆ ಹಾರುತ್ತದೆ. ಆ ಕ್ಷಣದ ತುದಿಗೆ 16 ವ್ಯಾಟ್ ಬೇಕು. ಆಂಪ್‌ನ ವ್ಯಾಟ್ ಅಂಕಿ ಅಲೆಯ ತುದಿಯ ಅರ್ಧ, ಹಾಗಾಗಿ 8 ವ್ಯಾಟ್‌ನ ಆಂಪ್ ಬೇಕು. ಇರುವುದು 20. ಆರಾಮ. ಸಮಾರಂಭದ ದಿನ ಸರಾಸರಿ 90 ಬೇಕು ಅಂದುಕೊಳ್ಳಿ. 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ, ಅಷ್ಟೇ. ಆಂಪ್‌ಗೆ ಮಾತ್ರ ಹತ್ತು ಪಟ್ಟು. 80 ವ್ಯಾಟ್ ಬೇಕು.

ಇಲ್ಲಿ ಭಾವ ಒಂದು ದಾರಿ ಹುಡುಕಿದರು. 24 ವೋಲ್ಟ್ ಅಡಾಪ್ಟರ್ ಹಾಕಿದರೆ? ಚಿಪ್ 26 ವೋಲ್ಟ್‌ವರೆಗೆ ತಡೆಯುತ್ತದೆ, ನಿಜ. ಆದರೆ ಲೆಕ್ಕ ಹಾಕಿದರೆ 36 ವ್ಯಾಟ್. 22ರಿಂದ 36ಕ್ಕೆ ಹೋದರೆ ಸಿಗುವುದು 2 ಡೆಸಿಬೆಲ್. ಕಿವಿಗೆ ಅದು ಅಷ್ಟಾಗಿ ತಿಳಿಯುವುದೇ ಇಲ್ಲ. ಅದೂ ಅಲ್ಲದೆ ಕೆಲವು ಬೋರ್ಡ್‌ಗಳಲ್ಲಿ 25 ವೋಲ್ಟ್ ಕೆಪಾಸಿಟರ್ ಇರುತ್ತದೆ. 24 ವೋಲ್ಟ್ ಕೊಟ್ಟರೆ ಅದು ಯಾವಾಗ ಉಬ್ಬುತ್ತದೋ ಹೇಳಲಾಗದು. ಕನಿಷ್ಠ 35 ವೋಲ್ಟ್‌ನದ್ದು ಇರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೋರ್ಡ್ ಕೊಳ್ಳುವವರು ಅಂಗಡಿಯಲ್ಲೇ ಕೆಪಾಸಿಟರ್ ಮೇಲಿನ ಅಂಕಿ ಓದಿ.

ಓಮ್ ಕಡೆಯ ತಪ್ಪುಗಳು

ಆಂಪ್ ಬಿಸಿಯಾಗಿ ಪದೇ ಪದೇ ಕಟ್ ಆಗುತ್ತಿದ್ದರೆ ಇಲ್ಲಿ ನೋಡಿ. ಹಾಲ್‌ನ ಸ್ಪೀಕರ್ ಜೊತೆಗೆ ಅಡುಗೆಮನೆಗೂ ಒಂದು ಎಳೆದಿದ್ದೀರಾ? 8 ಓಮ್‌ನ ಎರಡು ಪ್ಯಾರಲಲ್ ಆದರೆ (ಎರಡೂ ಒಂದೇ ಟರ್ಮಿನಲ್ ಜೋಡಿಗೆ ಸೇರಿದರೆ) 4. ಮೂರಾದರೆ 2.7. ಆಂಪ್ ಹಿಂದೆ ಕನಿಷ್ಠ ಎಷ್ಟು ಓಮ್ ಅಂತ ಬರೆದಿರುತ್ತದೆ, ಅದರ ಕೆಳಗೆ ಇಳಿಯಬೇಡಿ. ಟರ್ಮಿನಲ್‌ನಲ್ಲಿ ವೈರ್‌ನ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದ್ದರೂ ಇದೇ ಲಕ್ಷಣ. ಇದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಸಲ ಆಗುತ್ತದೆ.

ಉದ್ದದ ವೈರ್ ತೀರಾ ಸಣ್ಣದಿದ್ದರೆ ಸ್ಪೀಕರ್ ಸುಡುವುದಿಲ್ಲ, ಪವರ್ ವೈರ್‌ನಲ್ಲೇ ಕಳೆದುಹೋಗುತ್ತದೆ. 10 ಮೀಟರ್ ದೂರಕ್ಕೆ 0.5 ಚದರ ಮಿಲಿಮೀಟರ್ ವೈರ್ ಹೋಗಿ ಬರಲು 0.7 ಓಮ್ ತಿನ್ನುತ್ತದೆ. 2.5ರ ವೈರ್ ಆದರೆ 0.14. ಆಗ ಜನ ವಾಲ್ಯೂಮ್ ಇನ್ನಷ್ಟು ಏರಿಸುತ್ತಾರೆ. ಅಲ್ಲಿಂದ ಹಳೆಯ ಕಥೆ.

ನಮ್ಮ ಊರುಗಳಲ್ಲಿ ಆಗುವ ಇನ್ನೊಂದು ಅನಾಹುತ ಹೇಳಲೇಬೇಕು. ಹಬ್ಬದ ದಿನ ಮೈಕ್‌ಸೆಟ್ ಆಂಪ್ ತಂದು ಮನೆಯ ಸ್ಪೀಕರ್ ಜೋಡಿಸುತ್ತಾರೆ. ಅದರ ಹಿಂದೆ 4, 8, 16 ಓಮ್ ಜೊತೆಗೆ 70 ವೋಲ್ಟ್, 100 ವೋಲ್ಟ್ ಅಂತಲೂ ಟರ್ಮಿನಲ್ ಇರುತ್ತದೆ. ಅವು ದೂರದ ಹಾರ್ನ್‌ಗಳಿಗೆ. ಪ್ರತಿ ಹಾರ್ನ್‌ಗೂ ಒಂದು ಲೈನ್ ಟ್ರಾನ್ಸ್‌ಫಾರ್ಮರ್ ಬೇಕು. ಮನೆಯ 8 ಓಮ್ ಸ್ಪೀಕರನ್ನು ನೇರ 100 ವೋಲ್ಟ್‌ಗೆ ಹಾಕಿದರೆ ಅದು ಕೇಳುವುದು 1,250 ವ್ಯಾಟ್. ಆಂಪ್ ಅಷ್ಟು ಕೊಡಲಾರದು, ಸ್ಪೀಕರ್ ಅಷ್ಟು ತಾಳದು. ಎರಡೂ ಒಟ್ಟಿಗೆ ಹೋಗುತ್ತವೆ.

ಪವರ್ ಜಾಸ್ತಿ ಇದ್ದರೆ?

ಸ್ಪೀಕರ್‌ಗಿಂತ ದೊಡ್ಡ ಆಂಪ್ ಇದ್ದರೆ ಕ್ಲಿಪ್ಪಿಂಗ್ ಭಯ ಕಡಿಮೆ. ಆದರೆ ಕೈ ತಪ್ಪಿದರೆ ವೂಫರ್‌ಗೆ ಪೆಟ್ಟು. ಟಕ್ ಟಕ್ ಅಂತ ಗಟ್ಟಿ ಸದ್ದು ಬಂದರೆ ಕಾಯಿಲ್ ಹಿಂದಿನ ತಗಡಿಗೆ ಬಡಿಯುತ್ತಿದೆ. ಆ ಕ್ಷಣವೇ ಇಳಿಸಿ. ಹಿಂದೆ ರಂಧ್ರ ಇರುವ ಚಿಕ್ಕ ಸ್ಪೀಕರ್‌ಗಳಿಗೆ ತೀರಾ ತಗ್ಗಿನ ಬಾಸ್ ಕೊಟ್ಟರೆ ಕೋನ್ ಸುಮ್ನೆ ಕುಣಿಯುತ್ತದೆ, ಸದ್ದು ಬರುವುದಿಲ್ಲ. ಅಲ್ಲಿ ಬಾಸ್ ನಾಬ್ ಏರಿಸಿ ಉಪಯೋಗವಿಲ್ಲ. ಆಂಪ್ ಆನ್ ಇರುವಾಗ ಕೇಬಲ್ ಕೀಳುವುದು, ಹಾಕುವುದು ಬೇಡ. ಆ ಧಡ್ ಅನ್ನುವ ಸದ್ದು ದೊಡ್ಡ ಆಂಪ್‌ನಲ್ಲಿ ಪೂರ್ತಿ ಪವರ್‌ನಲ್ಲಿ ಬರುತ್ತದೆ. ಆನ್ ಮಾಡುವಾಗ ಆಂಪ್ ಕೊನೆಗೆ, ಆಫ್ ಮಾಡುವಾಗ ಆಂಪ್ ಮೊದಲು.

ಸ್ಪೀಕರ್ 100 ವ್ಯಾಟ್ ಅಂತ ನಂಬಿಕಸ್ತ ತಯಾರಕರು ಬರೆದಿದ್ದರೆ, ಅದೇ ಓಮ್‌ಗೆ 60ರಿಂದ 100 ವ್ಯಾಟ್ ಕೊಡುವ ಆಂಪ್ ನನ್ನ ಆಯ್ಕೆ. ತಾಳ್ಮೆಯ ಕೈ ಇರುವ ಮನೆಯಲ್ಲಿ 150 ಕೂಡ ನಡೆಯುತ್ತದೆ. ಸಮಾರಂಭಕ್ಕೆ ಯಾರು ಬೇಕಾದರೂ ನಾಬ್ ಮುಟ್ಟುವ ಮನೆಯಲ್ಲಿ ಬೇಡ.

ಆದರೆ ಆ ಅಂಕಿಯನ್ನು ಓದುವುದೂ ಒಂದು ಕೆಲಸ. ಪಿಎಂಪಿಒ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಅಂತ ಇದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ, ಅದಕ್ಕೆ ಒಪ್ಪಿದ ಅಳತೆಯೇ ಇಲ್ಲ. ಆರ್‌ಎಂಎಸ್ (ಸತತವಾಗಿ ಕೊಡುವ ಪವರ್) ಅಂತ ಇದ್ದರೂ ಪಕ್ಕದ ಸಾಲು ಓದಿ. 6 ಓಮ್, 1 ಕಿಲೋಹರ್ಟ್ಜ್, 10% ಡಿಸ್ಟಾರ್ಷನ್ (ಸದ್ದಿನ ವಿಕಾರ), ಒಂದೇ ಚಾನೆಲ್ ಅಂತ ಇದ್ದರೆ ನಿಮ್ಮ 8 ಓಮ್ ಸ್ಪೀಕರ್‌ಗೆ ಎರಡೂ ಚಾನೆಲ್ ನುಡಿಯುವಾಗ ಅದಕ್ಕಿಂತ ಎಷ್ಟೋ ಕಡಿಮೆ ಸಿಗುತ್ತದೆ. 10% ಡಿಸ್ಟಾರ್ಷನ್ ಅಂದರೆ ಆಗಲೇ ಕ್ಲಿಪ್ಪಿಂಗ್. ಅಮೆರಿಕದಲ್ಲಿ ಇಂಥ ಉಬ್ಬಿಸಿದ ಅಂಕಿಗಳ ಕಾಟ ತಡೆಯಲು 1974ರಲ್ಲೇ ಆಂಪ್ಲಿಫೈಯರ್ ನಿಯಮ ಬಂತು. 2024ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. 8 ಓಮ್, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್, ಎರಡೂ ಚಾನೆಲ್ ಅಂತ ಬರೆದ ಅಂಕಿ ಸಿಕ್ಕರೆ ಅದನ್ನು ನಂಬಿ.

ಕೊನೆಗೆ ಮಾಡಿದ್ದು

ಎರಡೂ ಟ್ವೀಟರ್ ಬದಲಾಯಿಸಿದೆವು, ಅದೇ ಮಾಡೆಲ್‌ನದ್ದು. ಬೇರೆ ಯಾವುದೋ ಹಾಕಿದರೆ ಕ್ರಾಸೋವರ್ ಲೆಕ್ಕ ತಪ್ಪುತ್ತದೆ. ಸಣ್ಣ ಬೋರ್ಡ್ ಮಗಳ ಕೋಣೆಗೆ ಹೋಯಿತು. ಹಾಲ್‌ಗೆ 8 ಓಮ್‌ಗೆ 70 ವ್ಯಾಟ್ ಕೊಡುವ ಸೆಕೆಂಡ್ ಹ್ಯಾಂಡ್ ಸ್ಟೀರಿಯೋ ಆಂಪ್ ಬಂತು. ಮೊದಲು ಡಿಸಿ ಅಳೆದು, ಆಮೇಲೆ ಸ್ಪೀಕರ್ ಜೋಡಿಸಿದೆವು. ಬಾಸ್ ಟ್ರೆಬಲ್ ಎರಡೂ ನಡುವೆ.

70 ವ್ಯಾಟ್ ಅಂದರೆ 8 ಓಮ್‌ಗೆ 23.7 ವೋಲ್ಟ್. ಮತ್ತೆ ಅದೇ ಟೋನ್ ಹಾಕಿ, ಮೀಟರ್ 5 ವೋಲ್ಟ್ ತೋರಿಸುವ ಕಡೆ ನಾಬ್ ನಿಲ್ಲಿಸಿದೆವು. ನಾಲ್ಕರಿಂದ ಗುಣಿಸಿದರೆ 20. ಇನ್ನೂ ಸ್ವಲ್ಪ ಜಾಗ ಉಳಿಯಿತು. ಅಲ್ಲಿ ಮಗಳು ಕೆಂಪು ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ ಇಟ್ಟಳು. ಹಾಡು ಹಾಕಿ ಕೇಳಿದಾಗ ಭಾವ ಹೇಳಿದ್ದು, "ಅವತ್ತಿನಷ್ಟು ಜೋರಿಲ್ಲ, ಆದ್ರೆ ಅವತ್ತಿಗಿಂತ ಚೆನ್ನಾಗಿ ಕೇಳಿಸ್ತಿದೆ." ಅಂಗಳದಲ್ಲಿ ಐವತ್ತು ಜನ ಸೇರುವ ದಿನಕ್ಕೆ ಬಾಡಿಗೆ ಸೌಂಡ್ ತರಿಸೋಣ ಅಂತ ಅವರೇ ಅಂದರು.

ಎರಡು ವಾರದ ನಂತರ ಅದೇ ಆಂಪ್‌ಗೆ ಟಿವಿ ಜೋಡಿಸಿದರು. ಟಿವಿಯ ಸಿಗ್ನಲ್ ಫೋನಿಗಿಂತ ಜೋರು. ಟೋನ್ ಇರುವ ಫೈಲನ್ನು ಪೆನ್ ಡ್ರೈವ್‌ನಲ್ಲಿ ಹಾಕಿ ಮತ್ತೆ ಅಳೆದೆವು. ಟಿವಿಗೆ ಎರಡನೇ ಚುಕ್ಕೆ, ಮೊದಲನೆಯದಕ್ಕಿಂತ ಎರಡು ಗೆರೆ ಹಿಂದೆ.